ಅಪ್ಪನ ಗೋರಿಯಲ್ಲಿ ಒಂದು ಜಾಗ

ಗವಿಪುರಂ
10 ಫೆಬ್ರವರಿ 2025

ಸುಗುಣಾ ಅತ್ತಿಗೆಯವರಿಗೆ ವಾಣಿಯ ನಮಸ್ಕಾರ.

ಹೆಸರು ನೋಡಿದ ಕೂಡಲೇ ಹರಿದು ಹಾಕಬೇಡಿ. ನನ್ನ ನಂಬರಿನಿಂದ ನಿಮಗೆ ಫೋನ್ ಹೋಗುವುದೇ ಇಲ್ಲ. ಹೋದ ವಾರ ಎರಡು ಸಲ ಚಾಮರಾಜಪೇಟೆಗೆ ಬಂದು ಬಾಗಿಲು ತಟ್ಟಿದೆ. ಒಳಗೆ ಫ್ಯಾನು ತಿರುಗುತ್ತಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ. ನಮ್ಮ ಮನೆಯಿಂದ ನಿಮ್ಮ ಮನೆಗೆ ನಡೆದರೆ ಅರ್ಧ ಗಂಟೆ. ಅಷ್ಟಕ್ಕೆ ಅಂಚೆಯಲ್ಲಿ ಕಾಗದ ಹಾಕುವುದು ನಗೆಪಾಟಲಿನ ವಿಷಯ, ಆದರೆ ಬೇರೆ ದಾರಿ ಉಳಿದಿಲ್ಲ.

ನಿಮ್ಮ ತಮ್ಮನಿಗೆ ಹುಷಾರಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್. ಡಿಸೆಂಬರಿನಲ್ಲಿ ಗೊತ್ತಾಗುವ ಹೊತ್ತಿಗೆ ಎಲ್ಲ ಕಡೆ ಹರಡಿತ್ತು. ಯುಗಾದಿ ದಾಟಿದರೆ ಹೆಚ್ಚು ಅಂದಿದ್ದಾರೆ ಡಾಕ್ಟರು.

ಇಪ್ಪತ್ತೆರಡು ವರ್ಷದ ಹಿಂದೆ ಅವರ ಸ್ಕೂಟರಿನಿಂದ ಬಿದ್ದು ನಿಮ್ಮ ಸುಜಿತ ಹೋದ. ಹತ್ತು ವರ್ಷದ ಮಗು. ಅದನ್ನು ಮರೆತು ಬರೆಯುತ್ತಿಲ್ಲ. ಆದರೆ ಮೊನ್ನೆ ಇವರು, ‘ಅಪ್ಪನ ಪಕ್ಕ ಮಲಗೋ ಯೋಗ ನಂಗೆಲ್ಲಿದೆ’ ಅಂದರು. ನನಗೆ ತಡೆಯಲಾಗಲಿಲ್ಲ. ನಿಮ್ಮ ಚರ್ಚಿನ ಆಫೀಸಿಗೆ ಹೋಗಿ ಕೇಳಿದೆ. ನಿಮ್ಮ ತಂದೆಯ ಗೋರಿ ನಿಮ್ಮ ಹೆಸರಿನಲ್ಲಿದೆ, ನೀವು ಸಹಿ ಹಾಕಿದರೆ ಅಲ್ಲೇ ಮಣ್ಣು ಮಾಡಬಹುದು ಅಂದರು. ಫಾರಂ ಇದರ ಜೊತೆ ಇಟ್ಟಿದ್ದೇನೆ.

ಬರೆದದ್ದು ಅವರಿಗೆ ಗೊತ್ತಿಲ್ಲ. ಒಂದು ಸಹಿ ಅತ್ತಿಗೆ, ಅಷ್ಟೇ ಕೇಳುತ್ತಿರುವುದು.

ನಿಮ್ಮ,
ವಾಣಿ


ಚಾಮರಾಜಪೇಟೆ
14 ಫೆಬ್ರವರಿ 2025

ಶ್ರೀಮತಿ ವಾಣಿಯವರಿಗೆ,

ಕಾಗದ ತಲುಪಿತು. ಹರಿಯಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದವಳು, ಬರೆದದ್ದನ್ನು ಓದದೆ ಹರಿಯುವ ಅಭ್ಯಾಸ ಇಲ್ಲ.

‘ಒಂದು ಸಹಿ, ಅಷ್ಟೇ’ ಎಂದು ಬರೆದಿದ್ದೀರಿ. ಅದನ್ನು ಓದಿ ನಗು ಬಂತು. ನಮ್ಮ ಸಮಾಧಿ ತೋಟದಲ್ಲಿ ಹೊಸ ಗೋರಿಗೆ ಒಂದು ಅಡಿ ಜಾಗವೂ ಇಲ್ಲ. ಹಳೆಯ ಗೋರಿ ಇದ್ದವರು ಅದನ್ನೇ ತೆರೆಸಿಕೊಳ್ಳಬೇಕು. ಒಮ್ಮೆ ತೆರೆದು ಮುಚ್ಚಿದರೆ ಮತ್ತೆ ಹದಿನಾಲ್ಕು ವರ್ಷ ಮುಟ್ಟುವ ಹಾಗಿಲ್ಲ. ಗೋರಿ ಇಲ್ಲದವರನ್ನು ಊರಾಚೆ ಎಲ್ಲೋ ಕೊಟ್ಟಿರುವ ಹೊಸ ಜಾಗಕ್ಕೆ ಒಯ್ಯುತ್ತಾರೆ. ಅಲ್ಲಿ ಇನ್ನೂ ಕಾಂಪೌಂಡೂ ಎದ್ದಿಲ್ಲ.

ನನಗೆ ಅರವತ್ತಾರು. ಎದೆಯಲ್ಲಿ ಎರಡು ಸ್ಟೆಂಟ್ ಇವೆ. ಇನ್ನು ಹದಿನಾಲ್ಕು ವರ್ಷ ನಾನು ಬದುಕುವುದಿಲ್ಲ ಎಂದು ಹೇಳಲು ಡಾಕ್ಟರು ಬೇಕಿಲ್ಲ. ಅಂದರೆ ನೀವು ಕೇಳುತ್ತಿರುವುದು ಸಹಿಯನ್ನಲ್ಲ, ಅಪ್ಪನ ಗೋರಿಯಲ್ಲೇ ಮಲಗಿರುವ ನನ್ನ ಮಗನ ಪಕ್ಕದ ನನ್ನ ಜಾಗವನ್ನು. ಯಾರಿಗೋಸ್ಕರ? ಅವನನ್ನು ಅಲ್ಲಿ ಮಲಗಿಸಿದವನಿಗೋಸ್ಕರ. ಗಂಡ ಸತ್ತು, ಮಗ ಸತ್ತು, ನನಗೆ ಅಂತ ಈ ಊರಿನಲ್ಲಿ ಉಳಿದಿರುವುದು ಆ ಆರಡಿ ಮಣ್ಣು. ಅದರ ಮೇಲೂ ಅವನ ಕಣ್ಣು ಬಿತ್ತೇ?

ಹುಷಾರಿಲ್ಲದವರಿಗೆ ಕೆಟ್ಟದ್ದು ಬಯಸುವವಳಲ್ಲ ನಾನು. ಅವನಿಗಾಗಿ ಪ್ರಾರ್ಥನೆ ಮಾಡುತ್ತೇನೆ. ಫಾರಂ ವಾಪಸು ಕಳಿಸಿದ್ದೇನೆ.

ಎಸ್. ಸುಗುಣಾ


ಗವಿಪುರಂ
20 ಫೆಬ್ರವರಿ 2025

ಅತ್ತಿಗೆಯವರಿಗೆ,

ದೇವರಾಣೆ, ಹದಿನಾಲ್ಕು ವರ್ಷದ ವಿಷಯ ನನಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಮಣ್ಣು ಮಾಡುವುದಾದರೆ ಅವರವರ ಹೊಲದಲ್ಲಿ ಮಾಡುತ್ತಾರೆ. ಗೋರಿಗೆ ಕಾಯುವುದು, ವರ್ಷಗಟ್ಟಲೆ ಮುಚ್ಚಿಡುವುದು ನನಗೇನು ಗೊತ್ತು? ಕೇಳಿದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಆ ಜಾಗ ನಿಮ್ಮದು. ತಪ್ಪಾಯಿತು.

ಆದರೆ ‘ಅವನ ಕಣ್ಣು ಬಿತ್ತೇ’ ಎಂದು ಬರೆದಿರಲ್ಲ, ಅದನ್ನು ಮಾತ್ರ ನುಂಗಿಕೊಳ್ಳಲಾರೆ. ನಿಮ್ಮ ತಮ್ಮನ ಕಣ್ಣು ಯಾವುದರ ಮೇಲೆ ಬಿದ್ದಿದೆ ಹೇಳಿ. ಕೋರ್ಟಿನಲ್ಲಿ ಆರು ತಿಂಗಳು ಸಜೆಯಾಯಿತು, ತಲೆ ಬಗ್ಗಿಸಿ ಹೋಗಿಬಂದರು. ಬ್ಯಾಂಕಿನ ಕೆಲಸ ಹೋಯಿತು. ನಿಮ್ಮ ಚರ್ಚಿನ ಸಭೆಯ ಹಿರಿಯರು ತಿಂಗಳಿಗೊಮ್ಮೆ ರೊಟ್ಟಿ ಹಂಚುವ ಕರ್ತನ ಭೋಜನಕ್ಕೆ ಬರಬೇಡ ಎಂದು ಹೊರಗಿಟ್ಟರು. ಅಂದಿನಿಂದ ಚರ್ಚಿನ ಗೇಟು ದಾಟಿಲ್ಲ. ಆದರೆ ತಿಂಗಳ ಮೊದಲನೆಯ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಬಿಳಿ ಶರ್ಟು ಹಾಕಿಕೊಂಡು, ಹನ್ನೊಂದು ಗಂಟೆವರೆಗೆ ಏನೂ ತಿನ್ನದೆ ಕೂತಿರುತ್ತಾರೆ. ನನಗೆ ಮದುವೆಯಾದ ಹೊಸದರಲ್ಲಿ ಹೇಳಿದ್ದರು, ಆ ರೊಟ್ಟಿ ತಿನ್ನುವ ಮುಂಚೆ ಹೊಟ್ಟೆ ಖಾಲಿ ಇರಬೇಕು ಅಂತ. ರೊಟ್ಟಿಯೇ ಇಲ್ಲದವರು ಯಾಕೆ ಖಾಲಿ ಹೊಟ್ಟೆಯಲ್ಲಿ ಕೂರುತ್ತಾರೆ ಎಂದು ನಾನು ಕೇಳಿಲ್ಲ.

ನಾನು ಸುಲ್ತಾನ್‌ಪೇಟೆಯ ಅಂಗಡಿಯಲ್ಲಿ ಮದುವೆ ಕಾರ್ಡಿನ ಅಕ್ಷರ ತಿದ್ದುವ ಕೆಲಸ ಮಾಡುತ್ತೇನೆ. ಹಗಲೆಲ್ಲ ಊರಿನವರ ಮಕ್ಕಳ ಹೆಸರು ಓದುತ್ತೇನೆ. ನಮಗೆ ಮಕ್ಕಳಿಲ್ಲ. ಡಾಕ್ಟರು ಇಬ್ಬರದೂ ಸರಿಯಿದೆ ಅಂದರು. ಇವರೇ ಬೇಡ ಅಂದರು. ‘ಮಗು ಎತ್ತೋ ಕೈಯಲ್ಲ ಇದು’ ಅಂದರು. ಇಷ್ಟು ಸಾಲದೇ ನಿಮಗೆ?

ಇನ್ನೊಂದು ಮಾತು. ಈಗ ಮಾತ್ರೆಯ ಮಂಪರಿನಲ್ಲಿ ಮಧ್ಯಾಹ್ನ ಏನೇನೋ ಕನವರಿಸುತ್ತಾರೆ. ಪದೇಪದೇ ಒಂದೇ ಮಾತು: ‘ಹ್ಯಾಂಡಲ್ ಹಿಡ್ಕೊಳೋ ಸುಜಿ, ಹೂ ಹೋದ್ರೆ ಹೋಗ್ಲಿ. ಅಮ್ಮಂಗೆ ನಾನ್ ಹೇಳ್ತೀನಿ.’ ಯಾವ ಹೂವು ಅತ್ತಿಗೆ? ನಿಮಗೆ ಅಮ್ಮನಾಗಿ ಗೊತ್ತಿರಬೇಕು.

ವಾಣಿ


ಚಾಮರಾಜಪೇಟೆ
3 ಮಾರ್ಚ್ 2025

ಶ್ರೀಮತಿ ವಾಣಿಯವರಿಗೆ,

ಅವನು ಬೇರೆ ಏನಾದರೂ ಹೇಳುತ್ತಾನೆಯೇ? ಎಚ್ಚರವಿದ್ದಾಗ ಕೇಳಿದ್ದೀರಾ? ಬೇರೆ ಯಾರ ಮುಂದಾದರೂ ಹೇಳಿದ್ದಾನೆಯೇ? ಇದಕ್ಕೆ ಉತ್ತರ ಬರೆಯಿರಿ. ಬೇರೇನೂ ಬರೆಯಬೇಡಿ.

ಎಸ್. ಸುಗುಣಾ


ಗವಿಪುರಂ
9 ಮಾರ್ಚ್ 2025

ಅತ್ತಿಗೆಯವರಿಗೆ,

ಇದೇನು ಪೊಲೀಸ್ ವಿಚಾರಣೆಯೇ? ಆದರೂ ಉತ್ತರ ಕೊಡುತ್ತೇನೆ.

ಎಚ್ಚರವಿದ್ದಾಗ ಕೇಳಿದೆ. ‘ಅವತ್ತು ಸುಜಿತನ ಕೈಯಲ್ಲಿ ಹೂ ಇತ್ತಾ?’ ಅಂದೆ. ಗೋಡೆಯ ಕಡೆ ಮಗ್ಗುಲಾದರು. ಆಮೇಲೆ, ‘ಗಾಡಿ ನಾನ್ ಓಡಿಸ್ತಿದ್ದೆ. ಅಷ್ಟೇ ವಾಣಿ. ಅಕ್ಕನ್ನ ಏನೂ ಕೇಳ್ಬೇಡ’ ಅಂದರು. ನಿಮ್ಮ ಹೆಸರನ್ನು ನಾನು ಎತ್ತಿಯೇ ಇರಲಿಲ್ಲ.

ನನ್ನ ಹೊರತು ಯಾರೂ ಕೇಳಿಸಿಕೊಂಡಿಲ್ಲ. ನೀವು ಯಾಕೆ ಹೆದರಿದ್ದೀರಿ ಎಂಬುದು ನನಗೆ ತಿಳಿಯುತ್ತಿಲ್ಲ. ತಿಳಿಯಬಾರದು ಅನ್ನಿಸುತ್ತಿದೆ. ಅನ್ನ ಬಿಟ್ಟು ವಾರವಾಯಿತು, ಗಂಜಿ ನೀರು ಮಾತ್ರ. ಹೆಚ್ಚು ದಿನ ಇಲ್ಲ.

ವಾಣಿ


ಚಾಮರಾಜಪೇಟೆ
29 ಮಾರ್ಚ್ 2025

ವಾಣಿಗೆ,

ಇಪ್ಪತ್ತು ದಿನದಲ್ಲಿ ನಾಲ್ಕು ಸಲ ಈ ಕಾಗದ ಬರೆದು ಒಲೆಗೆ ಹಾಕಿದೆ. ಇದನ್ನು ಬರೆದ ಕೂಡಲೇ ಅಂಚೆ ಡಬ್ಬಕ್ಕೆ ಹಾಕಿಬಿಡುತ್ತೇನೆ, ಮತ್ತೆ ಓದುವುದಿಲ್ಲ.

ಆ ದಿನ ಈಸ್ಟರ್. ಏಪ್ರಿಲ್ ಇಪ್ಪತ್ತು. ಅವತ್ತು ನಮ್ಮವರು ಸೂರ್ಯ ಹುಟ್ಟುವ ಮೊದಲೇ ಸಮಾಧಿ ತೋಟಕ್ಕೆ ಹೋಗಿ, ಹಿರಿಯರ ಗೋರಿ ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಎಲ್ಲರೂ ಸೇರಿ ಆರಾಧನೆ ಮಾಡುತ್ತಾರೆ. ನಾನು ಹಿಂದಿನ ದಿನವೇ ಮಾರ್ಕೆಟ್ಟಿನಿಂದ ಸುಗಂಧರಾಜ ತಂದು, ಬಿದಿರು ಕಡ್ಡಿಗೆ ಒತ್ತೊತ್ತಾಗಿ ಕಟ್ಟಿ, ಎರಡಡಿಯ ಶಿಲುಬೆ ಮಾಡಿದ್ದೆ. ಪಕ್ಕದ ಗೋರಿಯವರು ಪ್ರತಿ ವರ್ಷ ದೊಡ್ಡ ಶಿಲುಬೆ ತರುತ್ತಿದ್ದರು. ಆ ಸಲ ನಮ್ಮದೇ ಚೆನ್ನಾಗಿರಬೇಕು ಎಂಬ ಹಟ ನನಗೆ. ಸತ್ತವರ ಮುಂದೆಯೂ ಜಂಬ!

ತಮ್ಮ ಜಯು ಸ್ಕೂಟರ್ ತಂದ. ‘ಅಕ್ಕ, ಇವನು ಹಿಂದೆ ಕೂತ್ಕೊಳ್ಲಿ. ಹೂವನ್ನ ನೀನು ಆಟೋದಲ್ಲಿ ತಗೊಂಡ್ ಬಾ’ ಅಂದ. ನಾನು, ‘ಆಟೋದಲ್ಲಿ ನಾವು ನಾಲ್ಕು ಜನ ಹೆಂಗಸರು, ನಲುಗಿಹೋಗುತ್ತೆ. ಇವನನ್ನ ಮುಂದೆ ನಿಲ್ಲಿಸ್ಕೋ’ ಅಂದೆ. ಅವನು ಇನ್ನೊಂದು ಸಲ ಬೇಡ ಅಂದ. ನಾನು ಗದರಿದೆ. ಸುಜಿತನ ಕೈಗೆ ಶಿಲುಬೆ ಕೊಟ್ಟು, ‘ಎರಡೂ ಕೈಯಲ್ಲಿ ಹಿಡ್ಕೋ. ಒಂದು ಹೂ ನಲುಗಿದ್ರೂ ನೋಡು’ ಅಂದೆ. ಮಗುವಿಗೆ ನಾನು ಹೇಳಿದ ಕೊನೆಯ ಮಾತು ಅದು.

ರಸ್ತೆಯಲ್ಲಿ ಗುಂಡಿ ಬಂತು, ಜಯು ಬ್ರೇಕ್ ಹಾಕಿದ. ಹಿಡಿದುಕೊಳ್ಳಲು ನನ್ನ ಮಗನಿಗೆ ಕೈ ಬಿಡುವಿರಲಿಲ್ಲ. ಅಮ್ಮ ಹೇಳಿದ್ದನ್ನು ಕೇಳುವ ಹುಡುಗ ಅವನು.

ಪೊಲೀಸರು ಕೇಳಿದಾಗ ನನ್ನ ಬಾಯಿಂದ ಬಂದದ್ದು: ‘ಹಿಂದೆ ಕೂರಿಸಿಕೋ ಅಂತ ನಾನು ಹೇಳಿದೆ, ಅವನು ಕೇಳಲಿಲ್ಲ.’ ಬೇಕೆಂದು ಹೇಳಲಿಲ್ಲ, ಆದರೆ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೋರ್ಟಿನಲ್ಲಿ ಅದನ್ನೇ ಹೇಳಿದೆ. ಸಭೆಯ ಹಿರಿಯರ ಮುಂದೆ ಅದನ್ನೇ ಹೇಳಿ, ಇವನ ಜೊತೆ ಒಂದೇ ಮೇಜಿನಲ್ಲಿ ಭೋಜನ ತೆಗೆದುಕೊಳ್ಳಲಾರೆ ಎಂದೆ. ಜಯು ಎದುರಿಗೇ ನಿಂತಿದ್ದ. ಒಂದು ಮಾತು ಆಡಲಿಲ್ಲ. ಆಡಿದ್ದರೆ ನಾನು ಅಲ್ಲೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಆಡಲಿಲ್ಲ ಎಂಬುದಕ್ಕೂ ಅವನ ಮೇಲೇ ಸಿಟ್ಟು ಬಂತು. ಇಂಥ ಹೆಂಗಸು ನಾನು.

ಒಂದೇ ರೊಟ್ಟಿಯಿಂದ ಎಲ್ಲರೂ ತಿನ್ನುವುದು ನಾವೆಲ್ಲ ಒಂದೇ ದೇಹ ಅನ್ನುವುದಕ್ಕೆ ಎಂದು ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸಿದವಳು ನಾನೇ. ತಮ್ಮನನ್ನು ಹೊರಗೆ ನಿಲ್ಲಿಸಿ, ಪ್ರತಿ ತಿಂಗಳೂ ಮೊದಲ ಸಾಲಿನಲ್ಲಿ ಮೊಣಕಾಲೂರಿ ಕೈ ಚಾಚಿದೆ. ಬಾಯಿಗೆ ಹಿಟ್ಟಿನ ರುಚಿ ಬಿಟ್ಟು ಬೇರೇನೂ ಸಿಗಲಿಲ್ಲ. ಹೊರಗಿಟ್ಟದ್ದು ಅವನೊಬ್ಬನನ್ನೇ ಎಂದುಕೊಂಡಿದ್ದೆ. ದೇವರೂ ಅವನ ಜೊತೆಗೇ ಎದ್ದು ಹೊರಗೆ ಹೋಗಿ, ಗವಿಪುರದಲ್ಲಿ ಖಾಲಿ ಹೊಟ್ಟೆಯಲ್ಲಿ ಕೂತಿದ್ದ ಎಂದು ನಿನ್ನ ಕಾಗದ ಓದಿದ ಮೇಲೆ ತಿಳಿಯಿತು.

ಈ ಕಾಗದವನ್ನು ಅವನಿಗೆ ಓದಿ ಹೇಳು. ಸಭೆಯ ಮುಂದೆ ನಿಜ ಹೇಳಬೇಕು ಎಂದು ಮನಸ್ಸು ಹೇಳುತ್ತಿದೆ. ಧೈರ್ಯ ಬರುತ್ತಿಲ್ಲ. ಸ್ತ್ರೀಯರ ಸಂಘಕ್ಕೆ ಹದಿನೆಂಟು ವರ್ಷದಿಂದ ನಾನೇ ಅಧ್ಯಕ್ಷೆ. ಮಗ ಕಳೆದುಕೊಂಡ ತಾಯಿ ಎಂದು ಎಲ್ಲರೂ ಎದ್ದು ಜಾಗ ಬಿಡುತ್ತಾರೆ.

ಸುಗುಣಾ


ಗವಿಪುರಂ
2 ಏಪ್ರಿಲ್ 2025

(ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. — ವಾಣಿ)

ಅಕ್ಕಾ,

ಕೈಯಲ್ಲಿ ಪೆನ್ನು ನಿಲ್ತಿಲ್ಲ, ಅದಕ್ಕೆ ವಾಣಿ ಬರೀತಿದಾಳೆ. ಓದಿ ಹೇಳೋವಾಗ ಅತ್ತುಬಿಟ್ಳು. ಅವಳು ಅಳೋದು ನಾನು ಜಾಸ್ತಿ ನೋಡಿಲ್ಲ.

ನೀನು ಬರ್ದಿದ್ರಲ್ಲಿ ನಂಗೆ ಗೊತ್ತಿಲ್ದೇ ಇರೋದು ಏನೂ ಇಲ್ಲ. ಪೊಲೀಸ್ರ ಮುಂದೆ ನೀನು ಆ ಮಾತು ಹೇಳ್ದಾಗ ನಿನ್ನ ಮುಖ ನೋಡ್ದೆ. ಇವಳಿಗೆ ನಿಜ ಹೇಳ್ಸಿದ್ರೆ ಇವಳು ಇವತ್ತು ರಾತ್ರಿ ಬದುಕಿರಲ್ಲ ಅನ್ನಿಸ್ತು. ಅದಕ್ಕೆ ಸುಮ್ನಾದೆ. ದೊಡ್ಡ ಮನುಷ್ಯ ಅಂತ ತಿಳ್ಕೋಬೇಡ. ಆಮೇಲೆ ಎಷ್ಟೋ ಸಲ ಕೋಪ ಬಂತು. ಜೈಲಲ್ಲಿ ಬಂತು. ನನ್ನನ್ನ ಭೋಜನದಿಂದ ನಿಲ್ಲಿಸಿದ್ ದಿನ ನಿನ್ನ ಮನೆ ಬಾಗಿಲು ಒದ್ದು ಬರೋಣ ಅಂತ ಅರ್ಧ ದಾರಿ ಬಂದಿದ್ದೆ. ನ್ಯಾಷನಲ್ ಕಾಲೇಜ್ ಹತ್ರ ವಾಪಸ್ ತಿರುಗ್ದೆ. ಅಲ್ಲಿ ಯಾವ್ದೋ ಮಗು ರಸ್ತೆ ದಾಟ್ತಿತ್ತು, ಕೈ ಹಿಡ್ಕೊಂಡು ದಾಟಿಸ್ದೆ. ಕೋಪ ಇಳಿದ್ಹೋಯ್ತು.

ಬೇಡ ಅಂತ ನಾನು ಗಟ್ಟಿಯಾಗಿ ನಿಲ್ಬೇಕಿತ್ತು ಅಕ್ಕಾ, ನಿಲ್ಲಲಿಲ್ಲ. ಪೂರ್ತಿ ನಿಂದೇ ಅಂತ ನೀನು ಎಳ್ಕೋಬೇಡ. ಇಷ್ಟು ವರ್ಷ ನಾನೊಬ್ನೇ ಹೊತ್ತೆ, ಇನ್ಮೇಲೆ ಇಬ್ರೂ ಹೊರೋಣ.

ಗೋರಿ ವಿಷಯ ಇವಳು ನಿನ್ನ ಕೇಳಿದಾಳೆ ಅಂತ ಈಗ ಗೊತ್ತಾಯ್ತು. ಅದು ನಿನ್ನ ಜಾಗ, ನಂಗೆ ಬೇಡ. ನಂಗೆ ಆಸೆ ಇರೋದು ಒಂದೇ, ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ಕರ್ತನ ಭೋಜನ. ನೀನು ನಿಜ ಹೇಳಿದ್ರೆ ಪಾದ್ರಿ ಅಯ್ಯನವರು ತಂದು ಕೊಡ್ತಾರೆ, ಗೊತ್ತು. ಆದ್ರೆ ಅದಕ್ಕೋಸ್ಕರ ಅಷ್ಟು ಜನದ ಮುಂದೆ ನೀನು ತಲೆ ತಗ್ಗಿಸ್ಬೇಡ. ನಂಗಾಗಿ ಮನೇಲೇ ಪ್ರಾರ್ಥನೆ ಮಾಡು, ಸಾಕು.

ನಿನ್ನ ಜಯು

ಅತ್ತಿಗೆ, ಅವರಿಗೆ ನಿದ್ದೆ ಬಂತು. ಇನ್ನು ನನ್ನ ಮಾತು. ನಿಮ್ಮ ತಮ್ಮ ಕ್ಷಮಿಸಬಹುದು, ಅದು ನಿಮ್ಮ ಧರ್ಮ. ನಾನು ಕ್ಷಮಿಸಿಲ್ಲ. ಹುಟ್ಟದೇ ಹೋದ ನನ್ನ ಮಕ್ಕಳನ್ನು ಯಾರ ಹತ್ತಿರ ಕೇಳಲಿ? ನೀವು ಮನೆಯಲ್ಲಿ ಪ್ರಾರ್ಥನೆ ಮಾಡಿಕೊಂಡು ಕೂತರೆ ಅವರು ಕಳ್ಳನ ಹಾಗೆ ಹೋಗುತ್ತಾರೆ. ನಿಮಗೆ ಇನ್ನು ಹದಿನೈದು ದಿನವೂ ಇಲ್ಲ.

ವಾಣಿ


ಚಾಮರಾಜಪೇಟೆ
14 ಏಪ್ರಿಲ್ 2025

ವಾಣಿಗೆ,

ನಿನ್ನೆ ಗರಿಗಳ ಭಾನುವಾರ. ಮಕ್ಕಳೆಲ್ಲ ಗರಿ ಹಿಡಿದು ಮೆರವಣಿಗೆ ಬಂದರು, ಚರ್ಚು ತುಂಬಿತ್ತು. ಪ್ರಕಟಣೆಗಳ ಹೊತ್ತಿನಲ್ಲಿ ಸ್ತ್ರೀಯರ ಸಂಘದ ವರದಿ ಓದಲು ನನ್ನನ್ನು ಕರೆದರು. ವರದಿಯನ್ನು ಮಡಚಿ ಕೈಚೀಲದಲ್ಲಿ ಇಟ್ಟು, ನಿನಗೆ ಬರೆದದ್ದನ್ನೇ ಹೇಳಿದೆ.

ಹಿರಿಯರೊಬ್ಬರು ಎದ್ದು, ‘ಅಮ್ಮಾ, ಕೂತ್ಕೊಳ್ಳಿ. ಇದೆಲ್ಲ ಆಮೇಲೆ ಮಾತಾಡೋಣ’ ಅಂದರು. ‘ಇಪ್ಪತ್ತೆರಡು ವರ್ಷ ಕೂತಿದ್ದೆ, ಇವತ್ತು ನಿಂತ್ಕೊಳ್ತೀನಿ’ ಎಂದೆ. ಹೂವಿನ ವಿಷಯವನ್ನೂ ಬಿಡದೆ ಹೇಳಿದೆ. ನಾನು ಸುಳ್ಳು ಸಾಕ್ಷಿ ಹೇಳಿದವಳು, ನನ್ನ ಮಾತು ನಂಬಿ ನೀವು ಹೊರಗೆ ಹಾಕಿದ್ದು ನಿರಪರಾಧಿಯನ್ನು, ಅವನು ಸಾಯುತ್ತಿದ್ದಾನೆ, ಅವನಿಗೆ ರೊಟ್ಟಿ ಬೇಕು ಎಂದೆ. ನನ್ನ ಬೆಂಚಿಗೆ ಹೋಗಿ ಕೂತಾಗ ಪಕ್ಕದ ಹೆಂಗಸು ಸೀರೆ ಸರಿಸಿಕೊಂಡು ಆ ಕಡೆ ಜರುಗಿದಳು. ಅವಳ ಮಗಳ ಮದುವೆಗೆ ನಾನು ಮೂರು ದಿನ ನಿಂತು ಕೆಲಸ ಮಾಡಿದ್ದೆ. ನೋವಾಯಿತು. ಆಗಬೇಕಾದದ್ದೇ.

ಆರಾಧನೆ ಮುಗಿದ ಮೇಲೆ ಹಿರಿಯರು ಒಂದು ಗಂಟೆ ಒಳಗೆ ಕೂತು ಮಾತಾಡಿದರು. ಜಯುವಿನ ಮೇಲಿನ ನಿಷೇಧ ತೆಗೆದರು. ಅಯ್ಯನವರು ಪವಿತ್ರ ಗುರುವಾರ, ಹದಿನೇಳರಂದು, ಬೆಳಿಗ್ಗೆ ಹತ್ತಕ್ಕೆ ನಿಮ್ಮ ಮನೆಗೇ ಭೋಜನ ತರುತ್ತಾರೆ. ಸಂಘದ ಅಧ್ಯಕ್ಷಗಿರಿ ಬಿಟ್ಟೆ. ಇನ್ನು ಮೇಲೆ ಭೋಜನ ನನಗೆ ಬೇಡ, ಶಿಕ್ಷೆ ಕೊಡಿ ಎಂದು ಕೇಳಿದೆ. ಅಯ್ಯನವರು, ‘ಅವರು ತಗೊಳೋವಾಗ ನೀವೂ ತಗೊಳ್ಳಿ. ಒಬ್ರನ್ನ ಒಳಗೆ ಕರೆದು ಇನ್ನೊಬ್ರನ್ನ ಆಚೆ ನಿಲ್ಲಿಸೋ ಆಟ ಸಾಕು’ ಅಂದರು.

ಹೊಸ ಫಾರಂ ತೆಗೆದುಕೊಂಡು ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಆಫೀಸಿನಲ್ಲಿ ಮುದ್ರೆಯೂ ಬಿದ್ದಿದೆ, ಜಯು ಬೇಡ ಅಂದರೂ ಆಗುವುದಿಲ್ಲ. ಹದಿನಾಲ್ಕು ವರ್ಷ ಅಂದರೇನು ಎಂದು ನನಗೆ ಗೊತ್ತಿದೆ, ತಿಳಿದೇ ಹಾಕಿದ್ದೇನೆ.

ಗುರುವಾರ ನಾನೂ ಬರುತ್ತೇನೆ. ಮನೆ ನಿನ್ನದು. ಬೇಡ ಅಂದರೆ ಬಾಗಿಲ ಹೊರಗೆ ನಿಲ್ಲುತ್ತೇನೆ.

ಸುಗುಣಾ


ಗವಿಪುರಂ
19 ಏಪ್ರಿಲ್ 2025

ಅತ್ತಿಗೆ,

ಗುರುವಾರ ಎಲ್ಲರ ಎದುರು ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಅಯ್ಯನವರನ್ನು ಒಳಗೆ ಕರೆದು, ನಿಮ್ಮನ್ನು ಚಪ್ಪಲಿಗಳ ಪಕ್ಕ ಹತ್ತು ನಿಮಿಷ ನಿಲ್ಲಿಸಿದೆ. ಮರೆತು ಅಲ್ಲ, ಬೇಕೆಂದೇ ನಿಲ್ಲಿಸಿದೆ. ನೀವು ಕಿಟಕಿಯಲ್ಲಿ ಇಣುಕಲಿಲ್ಲ, ಕರೆಯಲಿಲ್ಲ. ಕೊನೆಗೆ ಇವರು, ‘ಅಕ್ಕ ಬಂದಿದಾಳೆ, ಅವಳ ಉಸಿರು ನಂಗೆ ಕೇಳ್ಸುತ್ತೆ’ ಅಂದಾಗ ಬಾಗಿಲು ತೆಗೆದೆ.

ನೀವು ಅಳುತ್ತೀರಿ, ಕಾಲು ಹಿಡಿಯುತ್ತೀರಿ ಎಂದುಕೊಂಡಿದ್ದೆ. ಅದನ್ನು ನೋಡಲು ಕಾಯುತ್ತಲೂ ಇದ್ದೆ, ನಿಜ ಹೇಳುತ್ತೇನೆ. ನೀವು ಅವರ ಪಕ್ಕ ಕೂತು, ‘ಗಡ್ಡ ಯಾಕೋ ಬಿಟ್ಟಿದೀಯ, ಅಪ್ಪನ್ ಥರ ಕಾಣ್ತೀಯ’ ಅಂದಿರಿ. ಅವರು ನಕ್ಕರು. ಮೂರು ತಿಂಗಳಲ್ಲಿ ಮೊದಲ ಸಲ ನಕ್ಕದ್ದು. ನನ್ನಿಂದ ಆಗದ ಕೆಲಸ ನಿಮ್ಮಿಂದ ಆಯಿತು ಎಂದು ಹೊಟ್ಟೆಕಿಚ್ಚೂ ಬಂತು.

ರೊಟ್ಟಿಯ ಚೂರು ಕೊಟ್ಟಾಗ ಅವರು ಅರ್ಧ ಬಾಯಿಗೆ ಹಾಕಿಕೊಂಡು ಇನ್ನರ್ಧ ನನ್ನ ಕಡೆ ಹಿಡಿದರು. ನಾನು ನಿಮ್ಮ ಧರ್ಮದವಳಲ್ಲ. ಅಯ್ಯನವರ ಮುಖ ನೋಡಿದೆ. ಅವರು ಕಿಟಕಿಯಾಚೆ ನುಗ್ಗೆ ಮರ ನೋಡುತ್ತಿದ್ದರು. ನೀವು ಮೆಲ್ಲಗೆ, ‘ತಗೋ ವಾಣಿ’ ಅಂದಿರಿ. ತಿಂದೆ. ಆಮೇಲೆ ಅವರಿಗೆ ವಾಂತಿ ಬಂದಾಗ ನಾನು ಬೇಸಿನ್ ತರುವಷ್ಟರಲ್ಲಿ ನೀವು ನಿಮ್ಮ ರೇಷ್ಮೆ ಸೀರೆಯ ಸೆರಗು ಹಿಡಿದುಬಿಟ್ಟಿರಿ.

ಆ ಸೆರಗನ್ನು ಹಿತ್ತಿಲಲ್ಲಿ ನಾವಿಬ್ಬರೂ ಒಗೆದೆವಲ್ಲ, ಒಂದು ತುದಿ ನೀವು, ಒಂದು ತುದಿ ನಾನು ಹಿಂಡುತ್ತಾ. ಈಗಲೂ ನನ್ನ ಸಿಟ್ಟು ಹೋಗಿಲ್ಲ. ಆದರೆ ನಿಮ್ಮ ನಂಬರಿನಿಂದ ಫೋನ್ ಬಂದರೆ ಎತ್ತುತ್ತೇನೆ.

ನಾಳೆ ಈಸ್ಟರ್. ಈ ವರ್ಷವೂ ಏಪ್ರಿಲ್ ಇಪ್ಪತ್ತಕ್ಕೇ ಬಂದಿದೆ ಎಂದು ಇವರು ಬೆಳಿಗ್ಗೆ ಹೇಳಿದರು. ಇವತ್ತು ಕಾಲು ಊದಿದೆ.

ವಾಣಿ


ಚಾಮರಾಜಪೇಟೆ
26 ಏಪ್ರಿಲ್ 2025

ಪ್ರೀತಿಯ ವಾಣಿಗೆ,

ನಿನ್ನೆ ಜಯುವನ್ನು ಮಣ್ಣು ಮಾಡಲು ಹೊರಟಾಗ, ಹೆಂಗಸರು ಮಣ್ಣಿಗೆ ಬರುವ ಪದ್ಧತಿ ನಮ್ಮಲ್ಲಿಲ್ಲ ಎಂದು ನಿನ್ನ ಅಪ್ಪ ದೊಡ್ಡಬೈರಪ್ಪನವರು ನಿನ್ನನ್ನು ಮನೆಯಲ್ಲೇ ಉಳಿಸಿದರು. ಅವರ ಮೇಲೆ ಬೇಸರವಿಲ್ಲ. ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಎಂಬತ್ತರ ಆ ಮುದುಕರೂ ಒಬ್ಬರು. ರಾತ್ರಿ ನೀನು ಫೋನಿನಲ್ಲಿ, ‘ಅಲ್ಲಿ ಏನಾಯ್ತು, ಎಲ್ಲಾ ಹೇಳಿ’ ಅಂದೆ. ನನಗೆ ದನಿ ಹೊರಡಲಿಲ್ಲ. ಬರೆಯುತ್ತೇನೆ.

ಸಭೆಯವರಲ್ಲಿ ಅರ್ಧ ಜನ ಬಂದಿದ್ದರು. ಜರುಗಿ ಕೂತಿದ್ದ ಆ ಹೆಂಗಸೂ ಬಂದಿದ್ದಳು, ನನಗೆ ಕುಡಿಯಲು ನೀರು ಕೊಟ್ಟಳು. ತೋಟ ನೋಡಿಕೊಳ್ಳುವ ಪುಟ್ಟಯ್ಯ ಬೆಳಿಗ್ಗೆಯೇ ಅಗೆದು ಮುಗಿಸಿದ್ದ. ಹಳೆಯ ಗೋರಿ ತೆರೆದಾಗ ಮೊದಲು ಇದ್ದವರ ಮೂಳೆ ಆಯ್ದು, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಹೊಸ ಪೆಟ್ಟಿಗೆ ಇಳಿಸುವ ಮುಂಚೆ ಗುಂಡಿಯ ಮೂಲೆಯಲ್ಲಿ ಇಡುವುದು ಇಲ್ಲಿಯ ಪದ್ಧತಿ. ಎರಡು ಗಂಟು ಇದ್ದವು. ಅಪ್ಪನದು ದೊಡ್ಡದು. ಸುಜಿತನದು ನಾನು ಒಂದು ಕೈಯಲ್ಲಿ ಎತ್ತುವಷ್ಟು. ಎತ್ತಿಕೊಂಡೆ. ಹುಟ್ಟಿದಾಗ ಆಸ್ಪತ್ರೆಯಲ್ಲಿ ಕೊಟ್ಟಾಗಲೂ ಅಷ್ಟೇ ಹಗುರ ಇದ್ದ.

ಅಪ್ಪನ ಗಂಟನ್ನು ಮೂಲೆಯಲ್ಲಿಟ್ಟು ಪುಟ್ಟಯ್ಯ ಕೈ ಚಾಚಿದ. ‘ಅದನ್ನೂ ಕೊಡಿ ಅಮ್ಮಾ, ತಾತನ ಪಕ್ಕ ಇಡ್ತೀನಿ’ ಅಂದ. ನಾನು ಕೊಡಲಿಲ್ಲ. ‘ಪೆಟ್ಟಿಗೆ ತೆಗೀರಿ’ ಎಂದೆ.

ಹಿರಿಯರು ಮುಖ ಮುಖ ನೋಡಿಕೊಂಡರು. ‘ಮುಚ್ಚಿದ ಪೆಟ್ಟಿಗೆ ತೆಗೆಯೋ ಪದ್ಧತಿ ಇಲ್ಲಮ್ಮ’ ಅಂದರು ಒಬ್ಬರು. ‘ಹಾಗಾದ್ರೆ ಇವತ್ತಿಂದ ಇರ್ಲಿ’ ಎಂದೆ. ಅಯ್ಯನವರು ತಲೆಯಾಡಿಸಿದರು. ಮೊಳೆ ಕಿತ್ತರು. ಜಯುವಿನ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಅವನ್ನು ಬಿಡಿಸಿ, ಮಧ್ಯದಲ್ಲಿ ನನ್ನ ಮಗುವನ್ನು ಇಟ್ಟು, ಮತ್ತೆ ಕೈ ಸೇರಿಸಿದೆ. ‘ಮಗು ಎತ್ತೋ ಕೈಯಲ್ಲ ಇದು’ ಅಂದಿದ್ದನಲ್ಲ ನಿನಗೆ. ನಿನ್ನ ಕಾಗದದಲ್ಲಿ ಆ ಮಾತು ಓದಿದ ದಿನದಿಂದ ನನಗೆ ನಿದ್ದೆ ಇರಲಿಲ್ಲ. ಅವನಿಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದೆ: ‘ಇದೇ ಕೈ ಕಣೋ. ತಗೋ.’

ಮಣ್ಣು ಹಾಕಿದರು. ಎಲ್ಲರೂ ಸೇರಿ ಪ್ರಾರ್ಥನೆ ಹೇಳಿದಾಗ ನನ್ನ ದನಿ ಯಾವುದು, ಬೇರೆಯವರದು ಯಾವುದು ಎಂದು ತಿಳಿಯಲಿಲ್ಲ. ಇಷ್ಟು ವರ್ಷ ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದೆ. ನಿನ್ನೆ ದೇವರು ಅಲ್ಲೇ, ಆ ಕೆಸರು ಮಣ್ಣಿನಲ್ಲಿ, ನಮ್ಮ ಮಧ್ಯೆಯೇ ನಿಂತಿದ್ದ. ನೀನೂ ಅಲ್ಲಿರಬೇಕಿತ್ತು, ಅದೊಂದೇ ಕೊರತೆ.

ಇನ್ನು ನನ್ನನ್ನು ಎಲ್ಲಿ ಮಲಗಿಸುತ್ತಾರೆ ಎಂದು ನೀನು ಕೇಳಿದೆ. ಊರಾಚೆಯ ಹೊಸ ಜಾಗದಲ್ಲಿ ಮಲಗಿಸಲಿ. ನನ್ನ ಮಗ ಒಂಟಿಯಾಗಿಲ್ಲ, ನನಗೆ ಅಷ್ಟು ಸಾಕು.

ಸಿಟ್ಟು ಹೋಗಿಲ್ಲ ಎಂದು ನೀನು ಬರೆದಿದ್ದೆ. ಹೋಗಬೇಕು ಎಂದು ಕೇಳುವ ಹಕ್ಕು ನನಗಿಲ್ಲ. ನಾಳೆ ಆರಾಧನೆ ಮುಗಿಸಿ ಊಟದ ಹೊತ್ತಿಗೆ ನಡೆದೇ ಬರುತ್ತೇನೆ. ಸಿಟ್ಟು ಇಟ್ಟುಕೊಂಡೇ ಬಾಗಿಲು ತೆಗೆ. ಒಬ್ಬಳೇ ಉಣ್ಣಬೇಡ.

ನಿನ್ನ ಅತ್ತಿಗೆ,
ಸುಗುಣಾ